ಅಣ್ಣನ ಹೆಸರಲ್ಲಿ ನಾನು ಹಾಕಿಸಿದ ಮುಯ್ಯಿ

ಅತ್ತಿಗೆ, ಅಣ್ಣ ಆ ಮಾತು ಹೇಳಲೇ ಇಲ್ಲ.

ಸುಂಕದಕಟ್ಟೆಯ ಸೈಟು ಕ್ಯಾನ್ಸರ್ ಸಂಶೋಧನೆಗೆ ಹೋಗಬೇಕು ಎಂಬುದು ಅವನ ಕೊನೆಯಾಸೆ ಎಂದು ಕಲ್ಯಾಣ ಮಂಟಪದಲ್ಲಿ ಅಷ್ಟೊಂದು ಜನರೆದುರು ಹೇಳಿದೆನಲ್ಲ — ಅದು ನಾನು ಕಟ್ಟಿದ ಮಾತು. ನಿಂತಲ್ಲೇ, ಮೈಕು ಕೈಯಲ್ಲಿರುವಾಗಲೇ ಕಟ್ಟಿದ್ದು. ಅಣ್ಣ ಹೇಳಿದ್ದು ಬೇರೆಯೇ. ಅದನ್ನು ನಿಮಗೆಂದೇ ಹೇಳಿ ಕಳಿಸಿದ್ದ. ಇಷ್ಟು ವರ್ಷ ಅದನ್ನು ನುಂಗಿಕೊಂಡು ಕೂತಿದ್ದೇನೆ.

ನೀವಿರುವುದು ನಮ್ಮ ಮನೆಯ ಮಹಡಿ ರೂಮಿನಲ್ಲೇ, ಬಂದು ಹೇಳಬಹುದಿತ್ತು. ಆದರೆ ಎದುರಿಗೆ ಬಂದರೆ ನಾನು ಚೆನ್ನಾಗಿ ಮಾತಾಡಿಬಿಡುತ್ತೇನೆ. ಅದೇ ನನ್ನ ರೋಗ. ಮಾಗಡಿ ರೋಡಿನ ಈ ಕಡೆ ಯಾರ ಮನೆ ಮದುವೆಯಾದರೂ, ನಾಮಕರಣವಾದರೂ ಮೈಕು ಬರುವುದು ನನ್ನ ಕೈಗೇ. ನಾಲ್ಕು ಮಾತಾಡಿ, ಎರಡು ಸಲ ನಗಿಸಿ, ತಪ್ಪನ್ನೂ ಒಪ್ಪು ಮಾಡಿಬಿಡುವ ಆಸಾಮಿ ನಾನು. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ನನಗೆ ಅಷ್ಟು ಜಾಣತನ ಬರುವುದಿಲ್ಲ.

ನಾಲಿಗೆಯ ಆಪರೇಷನ್ ಆದ ಮೇಲೆ ಅಣ್ಣನ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ನೆನಪಿದೆಯಲ್ಲ? ಡಾಕ್ಟರಿಗೂ ಇಲ್ಲ, ನರ್ಸಿಗೂ ಇಲ್ಲ, ನಿಮಗೂ ಅರ್ಧಂಬರ್ಧ. ನನಗೆ ಮಾತ್ರ ಹೇಗೋ ಪೂರ್ತಿ ತಿಳಿಯುತ್ತಿತ್ತು. ಬಾಯಿ ತುಂಬ ಹೊಗೆಸೊಪ್ಪು ಇಟ್ಟುಕೊಂಡೇ ನನ್ನನ್ನು ಬೈದು ಬೆಳೆಸಿದವನು, ಆಗಿನ ಅಭ್ಯಾಸವಿರಬೇಕು. ನೀರು ಕೇಳಿದರೆ ನಾನು ಹೇಳಬೇಕು, ದಿಂಬು ಸರಿಸು ಅಂದರೆ ನಾನು ಹೇಳಬೇಕು. ಅವನ ಮಾತೆಲ್ಲ ನನ್ನ ಬಾಯಿಂದಲೇ ನಿಮಗೆ ತಲುಪುತ್ತಿತ್ತು. ನೀವು ಒಂದು ದಿನವೂ ಅನುಮಾನಪಡಲಿಲ್ಲ.

ಕೊನೆಯ ದಿನ ಮಧ್ಯಾಹ್ನ ನೀವು ಗಂಜಿ ತರಲು ಮನೆಗೆ ಹೋಗಿದ್ದಿರಿ. ಆಗ ಅವನು ನನ್ನನ್ನು ಹತ್ತಿರ ಕರೆದು ಮಾತಾಡಿದ — ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ. ನೀವು ವಾಪಸು ಬರುವಷ್ಟರಲ್ಲಿ ಪ್ರಜ್ಞೆ ಹೋಗಿತ್ತು. ಆಮೇಲಿನ ಗಲಾಟೆಯಲ್ಲಿ ಹೇಳಲಾಗಲಿಲ್ಲ. ತಿಥಿ ಮುಗಿಯಲಿ, ಸಮಾಧಾನವಾಗಿ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಆ ಸಭೆ ಬಂತು.

ಅಣ್ಣ ಮಲಗಿದ್ದ ನಮ್ಮ ಟ್ರಸ್ಟಿನ ಆಸ್ಪತ್ರೆಯ ದೊಡ್ಡ ಡಾಕ್ಟರು ಆಗಲೇ ನನ್ನ ಕಿವಿ ಕಚ್ಚುತ್ತಿದ್ದರು. "ಗಡ್ಡೆ ಕುಯ್ಯೋಕೆ ನಾವಿದೀವಿ ಶಿವಣ್ಣ. ಅದು ಯಾಕ್ ಬರುತ್ತೆ, ಬರೋಕ್ ಮುಂಚೇನೇ ಹೆಂಗ್ ಹಿಡಿಯೋದು ಅಂತ ನೋಡೋರು ಈ ಕಡೆ ಒಬ್ರೂ ಇಲ್ಲ. ಕರದ್ರೆ ಬರ್ತಾರೆ. ಬರೀ ಕೈಯಲ್ಲಿ ಕರದ್ರೆ ಬರಲ್ಲ." ಸರ್ಕಾರದ ಯೋಜನೆಯೊಂದು ಬಂದಿತ್ತು: ಜನ ಎಷ್ಟು ಕೂಡಿಸುತ್ತಾರೋ ಅಷ್ಟೇ ಹಣ ಸರ್ಕಾರವೂ ಹಾಕುತ್ತದೆ. ಕಟ್ಟಡಕ್ಕಲ್ಲ — ಸಂಶೋಧಕರನ್ನು ಕರೆತರಲು, ಅವರ ಸಂಬಳಕ್ಕೆ, ಅವರು ಕೇಳುವ ಯಂತ್ರಗಳಿಗೆ. ಮಾರ್ಚ್ ಮುಗಿಯುವುದರೊಳಗೆ ನಮ್ಮ ಪಾಲು ತೋರಿಸದಿದ್ದರೆ ಆ ಹಣ ಬೇರೆ ಊರಿಗೆ.

ಸಭೆ ಕರೆದೆವು. ನಮ್ಮ ಜನ ದೇವಸ್ಥಾನ ಅಂದರೆ ಕೊಡುತ್ತಾರೆ, ಹಾಸ್ಟೆಲ್ಲು ಅಂದರೆ ಕೊಡುತ್ತಾರೆ. ಸಂಶೋಧಕರ ಸಂಬಳ ಅಂದರೆ? ಕಂಟ್ರಾಕ್ಟರ್ ನಂಜೇಗೌಡ ಎದ್ದು ನಿಂತು ಕೇಳಿಯೇಬಿಟ್ಟ — "ಗೋಡೆ ಕಟ್ಟಿದ್ರೆ ಕಣ್ಣಿಗೆ ಕಾಣುತ್ತೆ. ಇವ್ರು ಏನ್ ಕಂಡ್ಹಿಡೀತಾರೆ, ಯಾವಾಗ್ ಕಂಡ್ಹಿಡೀತಾರೆ, ಅದ್ ಹೇಳಪ್ಪ ಮೊದ್ಲು." ಸಭೆ ನಕ್ಕಿತು. ಡಾಕ್ಟರು ಇಂಗ್ಲಿಷು ಬೆರೆಸಿ ಏನೇನೋ ವಿವರಿಸಿದರು. ಹಿಂದಿನ ಸಾಲಿನವರು ಎದ್ದು ಊಟದ ಮನೆಯ ಕಡೆ ಹೊರಟರು.

ಆಗ ನಾನು ಮೈಕು ಇಸಿದುಕೊಂಡು ಮುಯ್ಯಿಯ ಮಾತು ತೆಗೆದೆ. "ಇದು ಮುಯ್ಯಿ ಕಣ್ರಪ್ಪಾ! ನಾವು ಎಷ್ಟು ಹಾಕ್ತೀವೋ ಅಷ್ಟನ್ನ ಸರ್ಕಾರ ನಮ್ಗೆ ವಾಪಸ್ ಮುಯ್ಯಿ ಹಾಕುತ್ತೆ. ನಮ್ ಮನೆ ಮದ್ವೆ ಅಂದ್ಕೊಳಿ!" ಅಷ್ಟೇ ಸಾಕಾಯಿತು. ಹೊರಟವರು ನಿಂತರು. ಮದುವೆಮನೆಯ ಮುಯ್ಯಿ ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮುಯ್ಯಿಯ ಗುಟ್ಟು ನಿಮಗೆ ಗೊತ್ತಲ್ಲ — ಮೊದಲು ಕೂಗುವ ಹೆಸರು ದೊಡ್ಡದಿರಬೇಕು. ಅದು ಸಣ್ಣದಾದರೆ ಉಳಿದವರೆಲ್ಲ ಸಣ್ಣದೇ ಹಾಕುತ್ತಾರೆ. ಅದು ದೊಡ್ಡದಾದರೆ ಕಡಿಮೆ ಹಾಕಲು ಯಾರಿಗೂ ಮುಖವಿರುವುದಿಲ್ಲ. ಹಾಗೆ ಎಷ್ಟು ಮದುವೆಗಳಲ್ಲಿ ಎಷ್ಟು ಜನರನ್ನು ನಾನು ಸಿಕ್ಕಿಸಿದ್ದೇನೋ — ನಗುನಗುತ್ತಲೇ.

ನನ್ನ ಹೆಸರು ಕೂಗಬಹುದಿತ್ತು. ನಂದಿನಿ ಲೇಔಟಿನ ಬಾಡಿಗೆ ಮನೆ ನನ್ನದೇ. ಕೂಗಲಿಲ್ಲ. ಹೆಂಗಸರ ಸಾಲಿನಲ್ಲಿ ನೀವು ಕಂಡಿರಿ. "ಮೊದಲ ಮುಯ್ಯಿ ನಮ್ಮತ್ತಿಗೆ ಜಯಮ್ಮನವರದು! ನಮ್ಮಣ್ಣ ಕೊನೇಲಿ ನನ್ ಕೈ ಹಿಡ್ಕೊಂಡು ಹೇಳಿದ್ದು — ಸುಂಕದಕಟ್ಟೆ ಸೈಟು ಮಾರಿದ್ ದುಡ್ಡು ಈ ಕೆಲ್ಸಕ್ಕೇ ಹೋಗ್ಲಿ ಅಂತ!"

ನೀವು ತಲೆಯೆತ್ತಿ ನೋಡಿದಿರಿ. ಅಷ್ಟು ಜನ ಚಪ್ಪಾಳೆ ತಟ್ಟುತ್ತಿರುವಾಗ ಸತ್ತ ಗಂಡನ ಮಾತಿಗೆ ಯಾವ ಹೆಂಗಸು ತಾನೇ ಇಲ್ಲ ಅನ್ನುತ್ತಾಳೆ? ಸೆರಗು ಸರಿಮಾಡಿಕೊಂಡು ಆಯಿತು ಎಂಬಂತೆ ತಲೆಯಾಡಿಸಿದಿರಿ. ಕೂಡಲೇ ನಂಜೇಗೌಡ ಎದ್ದ. ಅವನ ಹಿಂದೆ ಮಂಟಪದ ಮಾಲೀಕರು. ಅವರ ಹಿಂದೆ ಹಾಲಿನ ಸಂಘದವರು, ಗಾರ್ಮೆಂಟ್ಸ್ ಹುಡುಗಿಯರು. ಅತ್ತಿಗೆ, ಆ ದಿನ ಊಟ ಆರಿಹೋಯಿತು, ಯಾರೂ ಎದ್ದು ಹೋಗಲಿಲ್ಲ!

ಅಷ್ಟೇ ಆಗಿದ್ದರೆ ಆವೇಶದಲ್ಲಿ ಆಡಿದ್ದು ಅಂದುಕೊಳ್ಳಬಹುದಿತ್ತೇನೋ. ಆದರೆ ಮನೆಗೆ ಬಂದ ಮೇಲೆ ನೀವು ಕೇಳಿದಿರಿ.

"ಶಿವು, ಅವ್ರು ನನ್ ಬಗ್ಗೆ ಏನೂ ಅನ್ಲಿಲ್ವಾ?"

"ಇಲ್ಲ ಅತ್ತಿಗೆ. ಇಷ್ಟೇ ಅಂದಿದ್ದು."

ಇದನ್ನು ತಣ್ಣಗೆ ಕೂತು ಹೇಳಿದೆ. ಕಾಫಿ ಕುಡಿಯುತ್ತಾ ಹೇಳಿದೆ. ನಿಜ ಹೇಳಿದರೆ ಸೈಟು ಹೋಗುತ್ತದೆ, ಸೈಟು ಹೋದರೆ ಅದರ ಬೆನ್ನಿಗೆ ಬಂದ ಹೆಸರುಗಳೆಲ್ಲ ಒಂದೊಂದಾಗಿ ಜಾರುತ್ತವೆ ಎಂದು ಲೆಕ್ಕ ಹಾಕಿಯೇ ಹೇಳಿದೆ. ನೀವು "ಹೂಂ" ಅಂದು ಲೋಟ ತೊಳೆಯಲು ಎದ್ದು ಹೋದಿರಿ. ಸೈಟು ತೆಗೆದುಕೊಂಡದ್ದಕ್ಕಿಂತ ದೊಡ್ಡ ತಪ್ಪು ಇದು. ಸೈಟಿಗೆ ಬೆಲೆ ಕಟ್ಟಬಹುದು, ಇದಕ್ಕೆ —

ಗೆದ್ದೆವು, ಅತ್ತಿಗೆ. ಅದನ್ನು ಸಣ್ಣ ದನಿಯಲ್ಲಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಸರ್ಕಾರದ ಹಣ ಬಂದ ದಿನ ಆಸ್ಪತ್ರೆ ಗೇಟಿನಲ್ಲಿ ಪಟಾಕಿ ಹೊಡೆದು ಪೊಲೀಸರಿಂದ ಬೈಸಿಕೊಂಡೆವು. ಡಾಕ್ಟರ್ ನಳಿನಿ ಬಂದರು — ಬಿನ್ನಿಪೇಟೆಯ ಮಿಲ್ಲಿನಲ್ಲಿ ನೂಲು ತೆಗೆದವರ ಮೊಮ್ಮಗಳು, ಹೊರದೇಶದ ದೊಡ್ಡ ಲ್ಯಾಬು ಬಿಟ್ಟು ಬಂದವರು. ಬಂದ ದಿನವೇ ಅಂದರು, "ನಂಗೆ ಹಾರ ಬೇಡ ಸಾರ್, ಡೀಪ್ ಫ್ರೀಜರ್ ಯಾವಾಗ್ ಬರುತ್ತೆ ಹೇಳಿ." ಅವರ ಹಿಂದೆ ಅಸ್ಸಾಮಿನ ಹುಡುಗ, ಪುಣೆಯ ದಂಪತಿ, ಆಮೇಲೆ ಅವರ ಶಿಷ್ಯರು. ಈಗ ಆ ಕಾರಿಡಾರಿನಲ್ಲಿ ನಾಲ್ಕಾರು ಭಾಷೆ ಕೇಳುತ್ತದೆ. ಕೆಂಗೇರಿಯಿಂದ ನಂದಿನಿ ಲೇಔಟಿನವರೆಗೆ ಆಟೋ ಸ್ಟ್ಯಾಂಡು, ಗಾರ್ಮೆಂಟ್ಸ್ ಗೇಟು ಒಂದೂ ಬಿಡದೆ ಜನರ ಬಾಯಿ ತೆರೆಸಿ ನೋಡುತ್ತಾರೆ. ಉಗುಳಿನಲ್ಲೇ ರೋಗದ ಸುಳಿವು ಹಿಡಿಯುವ ದಾರಿ ಹುಡುಕುತ್ತಿದ್ದಾರೆ. ಮೊನ್ನೆ ಆಟೋ ಕೃಷ್ಣ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ನನ್ನನ್ನು ತಬ್ಬಿಕೊಂಡ. "ಶಿವಣ್ಣ, ಬಿಳೀ ಮಚ್ಚೆ ಇದ್ದಾಗ್ಲೇ ಹಿಡಿದ್ಬಿಟ್ರು! ಬಚಾವಾದೆ ಗುರು!" ಹಿಂದೆ ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ನಾವಿಬ್ಬರೂ ಅಳುತ್ತಿದ್ದೆವು. ನಂಜೇಗೌಡನಂತೂ ತಾನೇ ಆ ಲ್ಯಾಬು ಕಂಡುಹಿಡಿದವನ ಹಾಗೆ ನೆಂಟರನ್ನೆಲ್ಲ ಕರೆತಂದು ತೋರಿಸುತ್ತಾನೆ.

ಅಣ್ಣ ಮಲಗಿದ್ದಾಗ ಇವರು ಇರಲಿಲ್ಲ. ಈಗ ಇದ್ದಾರೆ. ನನ್ನ ಎದೆ ಉಬ್ಬುತ್ತದೆ, ಅತ್ತಿಗೆ, ಸುಳ್ಳು ಹೇಳಲಾರೆ. ಆದರೆ ಮನೆಗೆ ಬಂದಾಗ ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಹೆಂಡತಿಯನ್ನು "ಸುಜಾತಾ, ಒಂಚೂರು ಒಲೆ ಸಿಗುತ್ತೇನಮ್ಮ?" ಎಂದು ಕೇಳುವುದು ಕಿವಿಗೆ ಬೀಳುತ್ತದೆ. ಆಗ ಉಬ್ಬಿದ್ದೆಲ್ಲ ಇಳಿದುಹೋಗುತ್ತದೆ.

ಬರುವ ಭಾನುವಾರ ಲ್ಯಾಬಿನ ಹೊಸ ಭಾಗ ಶುರುವಾಗುತ್ತದೆ. ಬಾಗಿಲ ಪಕ್ಕದ ಕಲ್ಲಿನ ಮೇಲೆ "ಪತಿಯ ಕೊನೆಯಾಸೆಯಂತೆ" ಎಂದು ಕೆತ್ತಿಸಲು ಟ್ರಸ್ಟಿನವರು ನನ್ನ ಒಪ್ಪಿಗೆ ಕೇಳಿದರು. ಆ ಸಾಲು ಬೇಡ, ಅದು ನಾನು ಹೇಳಿದ ಸುಳ್ಳು ಎಂದುಬಿಟ್ಟೆ. ಟ್ರಸ್ಟಿನ ಕಾರ್ಯದರ್ಶಿ ಸ್ಥಾನಕ್ಕೆ ನಾನೇ ರಾಜೀನಾಮೆ ಕೊಟ್ಟಿದ್ದೇನೆ. ಭಾನುವಾರ ನಿರೂಪಣೆಗೂ ಬೇರೆಯವರನ್ನು ನೋಡಿಕೊಳ್ಳಿ ಅಂದಿದ್ದೇನೆ. ಸುಜಾತಾಗೂ ಹೇಳಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು. "ಅಕ್ಕಂಗೆ ಹೇಳ್ದೆ ಮೊದ್ಲು ನಂಗ್ಯಾಕ್ರೀ ಹೇಳಿದ್ರಿ?" ಅಂದಳು. ಆಮೇಲೆ ನಂದಿನಿ ಲೇಔಟಿನ ಮನೆಯ ಬಾಡಿಗೆಯವರಿಗೆ ಫೋನ್ ಮಾಡಿ ಖಾಲಿ ಮಾಡುವಂತೆ ಅವಳೇ ತಿಳಿಸಿದಳು. ಆ ಮನೆಯನ್ನು ನಿಮ್ಮ ಹೆಸರಿಗೆ ಮಾಡುತ್ತೇವೆ. ಇದು ಸರಿಗೆ ಸರಿ ಆಯಿತು ಎಂದು ನಾನು ಅನ್ನುವುದಿಲ್ಲ. ನನ್ನ ಮುಖಕ್ಕೆ ಎಸೆದರೂ ಎತ್ತಿಕೊಂಡು ಮತ್ತೆ ತಂದುಕೊಡುತ್ತೇನೆ.

ಈಗ ಅಣ್ಣ ಹೇಳಿದ್ದು. ಒಂದಕ್ಷರ ಸೇರಿಸಿಲ್ಲ, ಬಿಟ್ಟಿಲ್ಲ.

"ಜಯಂಗೆ ಹೇಳು. ಸೈಟು ಯಾರಿಗೂ ಕೊಡ್ಬಾರ್ದು. ಎರಡು ರೂಮು ಕಟ್ಟಿಸ್ಕೊಳ್ಲಿ, ಒಲೆ ಅವಳದೇ ಇರ್ಲಿ. ಮದ್ವೆಯಾಗಿ ಬಂದಾಗಿಂದ ಮೊದ್ಲು ನಮ್ಮವ್ವನ್ನ ಕೇಳ್ಕೊಂಡು, ಆಮೇಲೆ ನಿನ್ ಹೆಂಡ್ತೀನ ಕೇಳ್ಕೊಂಡೇ ಒಗ್ಗರಣೆ ಹಾಕಿದಾಳೆ. ಇನ್ನಾದ್ರೂ ತನಗೆ ಬೇಕಾದಷ್ಟು ಖಾರ ಹಾಕ್ಕೊಂಡು ತಿನ್ಲಿ. ನಾನೇ ಕಟ್ಟಿಸ್ಕೊಡ್ಬೇಕಿತ್ತು. ಮಕ್ಳಿಲ್ಲ ಅಂತ ಒಂದಿನಾನೂ ನನ್ ಮುಂದೆ ಕಣ್ಣೀರ್ ಹಾಕ್ಲಿಲ್ಲ ಅವ್ಳು. ನಾನೂ ಒಂದಿನಾನೂ ಅವಳಿಗೆ ಒಳ್ಳೇ ಮಾತು ಆಡ್ಲಿಲ್ಲ. ಇದನ್ನೂ ಹೇಳು."

ಹೇಳಲಿಲ್ಲ, ಅತ್ತಿಗೆ. ಅವನು ಅಷ್ಟು ಕಷ್ಟಪಟ್ಟು ಆಡಿದ ಕೊನೆಯ ಮಾತಿನಲ್ಲಿ ಲ್ಯಾಬಿರಲಿಲ್ಲ, ನಾನಿರಲಿಲ್ಲ. ಪೂರಾ ನೀವೇ ಇದ್ದಿರಿ.