ಸೇವಂತಿಗೆಗೆ ಕತ್ತಲೆ ಹೊದಿಸಿದ್ದು

ಹೂ ಬೇಕಾದರೆ ಗಿಡಕ್ಕೆ ಬಿಸಿಲು ಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನು ಒಂದು ಬೇಸಿಗೆಯಿಡೀ ಗಿಡಗಳಿಂದ ಬಿಸಿಲು ಕಿತ್ತುಕೊಂಡಿದ್ದೇನೆ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಎಲ್ಲರೂ ಒಪ್ಪಿದ ಮಾತು ಕಿವಿಗೆ ಬಿದ್ದರೆ ವಿರೋಧ ಪಕ್ಷಕ್ಕೆ ಹೋಗಿ ನಿಲ್ಲುವ ಚಾಳಿ ನನಗೆ ಅಂಟಿದೆ. ಆ ಸಲ ಸೇವಂತಿಗೆಯೂ ನನ್ನ ಪಕ್ಷದಲ್ಲೇ ಇತ್ತು.

ಎರಡು ಸಾವಿರನೇ ಇಸವಿ ಹುಟ್ಟಿದ ಗಳಿಗೆಗೆ ಇಸವಿಯ ಕೊನೆಯ ಎರಡು ಅಂಕಿ ಮಾತ್ರ ಬಲ್ಲ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆಂದು ಜಗತ್ತು ಹೆದರಿ, ನನ್ನಂಥವರನ್ನು ಕರೆಕರೆದು ಮ್ಯಾನ್‌ಹಟನ್‌ನಲ್ಲಿ ಕೆಲಸ ಕೊಟ್ಟಿದ್ದ ಕಾಲ ಅದು. ಅಲ್ಲಿಂದ ರೈಲಿನಲ್ಲಿ ಗಂಟೆ ದೂರದ ವೆಸ್ಟ್ ವಿಂಡ್ಸರ್‌ನಲ್ಲಿ ಅಕ್ಕ ಭಾವ ಆಗಷ್ಟೇ ಕೊಂಡಿದ್ದ ಮನೆಯ ಮೇಲಿನ ಕೋಣೆ ನನ್ನದು. ಸ್ವಂತ ಮನೆಯ ಮೊದಲ ವರಮಹಾಲಕ್ಷ್ಮಿಗೆ ಸ್ವಂತ ಹಿತ್ತಲಿನ ಸೇವಂತಿಗೆಯೇ ಏರಬೇಕು ಎಂದು ಅಕ್ಕನ ಆಸೆ. ಹಳೆಯ ಮಾಲೀಕರು ನೆಟ್ಟ ಗಿಡಗಳೇನೋ ಇದ್ದವು. ಆದರೆ ಹಬ್ಬ ಬರುವುದು ಆಗಸ್ಟಿನಲ್ಲಿ, ಈ ಊರಿನ ಸೇವಂತಿಗೆ ಅರಳುವುದು ಅಕ್ಟೋಬರಿನಲ್ಲಿ. ಪಂಚಾಂಗ ತಿದ್ದುವಂತಿಲ್ಲ, ಗಿಡವನ್ನೇ ತಿದ್ದಬೇಕು.

ಸೇವಂತಿಗೆ ಅಳೆಯುವುದು ರಾತ್ರಿಯನ್ನು. ರಾತ್ರಿ ಉದ್ದವಾದರೆ ಚಳಿ ಬಂತೆಂದು ಮೊಗ್ಗು ಕಟ್ಟುತ್ತದೆ. ಇಲ್ಲಿಯ ಜೂನ್ ತಿಂಗಳ ಸೂರ್ಯನೋ, ತಾಂಬೂಲ ಕೊಟ್ಟ ಮೇಲೂ ಏಳದ ನೆಂಟನ ಹಾಗೆ ಎಂಟೂವರೆಯವರೆಗೂ ಕೂತಿರುತ್ತಾನೆ. ಸಂಜೆ ಏಳಕ್ಕೆ ಟಾರ್ಪಾಲು ಹೊದಿಸಿ ಬೆಳಿಗ್ಗೆ ಎಂಟಕ್ಕೆ ತೆಗೆದರೆ ಗಿಡ ನಂಬುತ್ತದೆ. ನಾನು ಹೋಗಿ ಕರಿ ಟಾರ್ಪಾಲು ತಂದೆ.

“ಲಕ್ಷ್ಮಿಗೆ ಇಡೋ ಹೂವಿಗೆ ಕರೀದು ಹೊದಿಸ್ತೀಯೇನೇ? ಅದೂ ದೀಪ ಹಚ್ಚೋ ಹೊತ್ತಲ್ಲಿ?”

“ಗಿಡಕ್ಕೇನು ಶಕುನ ಗೊತ್ತಾ ಅಕ್ಕಾ?”

“ನಂಗೆ ಗೊತ್ತಲ್ಲ.”

ಮರುದಿನ ಅಕ್ಕ ನೀಲಿ ಟಾರ್ಪಾಲು ತಂದಳು. ಸಾಕ್ಷ್ಯವಿಲ್ಲದೆ ಸೋಲುವವಳಲ್ಲ ನಾನು. ಅದರಡಿ ತೂರಿ, ಪತ್ರಿಕೆಯ ಬಾಡಿಗೆ ಮನೆಗಳ ಜಾಹೀರಾತನ್ನು ಗಟ್ಟಿಯಾಗಿ ಓದಿದೆ. ಹೊರಗೆ ಚಾಚಿದ್ದ ನನ್ನ ಪಾದಗಳನ್ನು ನೋಡಿದ ಪಕ್ಕದ ಮನೆಯ ಅಜ್ಜಿ “ಆರ್ ಯು ಓಕೆ, ಹನಿ?” ಎಂದರು. ನಾನು ಓಕೆ, ಟಾರ್ಪಾಲು ಓಕೆ ಅಲ್ಲ. ನನಗೆ ಓದಲು ಬೆಳಕಿದೆಯೆಂದರೆ ಗಿಡಕ್ಕೂ ಹಗಲೇ.

ಅಕ್ಕ ಸ್ವಲ್ಪ ಯೋಚಿಸಿ ಒಳಗೆ ಹೋದಳು. ತನ್ನ ಹಳೆಯ ಅರಿಶಿನ ಬಣ್ಣದ ಸೀರೆ ತಂದು ಕರಿ ಟಾರ್ಪಾಲಿನ ಮೇಲೆ ಹರಡಿದಳು. “ಒಳಗೆ ನಿನ್ನ ಸೈನ್ಸು, ಮೇಲೆ ನನ್ನ ಲಕ್ಷ್ಮಿ. ಇನ್ನು ಬಾಯಿ ಮುಚ್ಚು.”

ವಾದ ಗೆದ್ದರೆ ಕಾಲೇಜಿನಲ್ಲಿ ಚಪ್ಪಾಳೆ ಸಿಗುತ್ತದೆ, ಮನೆಯಲ್ಲಿ ಕೆಲಸ ಸಿಗುತ್ತದೆ. ಬೆಳಿಗ್ಗೆ ತೆಗೆಯುವುದು ಅಕ್ಕನ ಪಾಲು. ಸಂಜೆ ಅವಳು ಆಸ್ಪತ್ರೆಯ ಕೆಲಸ ಮುಗಿಸಿ ಬರುವಾಗ ತಡವಾಗುವುದರಿಂದ ಹೊದಿಸುವುದು ನನ್ನದು. ನಾಲ್ಕಾರು ದಿನ ತಪ್ಪಿತೋ ಗಿಡಕ್ಕೆ ಅನುಮಾನ ಬರುತ್ತದೆ. ಆಫೀಸಿನಲ್ಲಿ ಎಲ್ಲರೂ ಇಸವಿಯ ಎರಡು ಅಂಕಿಗಳಿಗಾಗಿ ಕತ್ತಲಾಗುವವರೆಗೂ ದುಡಿಯುತ್ತಿದ್ದರೆ ನಾನು ಐದಕ್ಕೇ ಚೀಲ ಹೆಗಲಿಗೇರಿಸುತ್ತಿದ್ದೆ. ಮ್ಯಾನೇಜರ್ ಕಾರಣ ಕೇಳಿದ. ಮಕ್ಕಳನ್ನು ಮಲಗಿಸಲು ಹೋಗುವವರಿಗೆ ಇರುವ ವಿನಾಯಿತಿ ಹೂಗಳನ್ನು ಮಲಗಿಸುವವರಿಗೆ ಏಕಿಲ್ಲ ಎಂದು ವಾದಿಸಿದೆ. ವಾದ ಮುಗಿಸಿದವಳೇ ಓಡಿ ರೈಲು ಹತ್ತಿದೆ.

ಜುಲೈ ಮುಗಿಯುವಾಗ ಬಟಾಣಿ ಗಾತ್ರದ ಮೊಗ್ಗುಗಳು. ಹಬ್ಬದ ಬೆಳಿಗ್ಗೆ ಕಲಶಕ್ಕೆ ಸಾಲುವಷ್ಟು ಹಳದಿ ಹೂ. ಅಕ್ಕ ಕಟ್ಟಿದ ಮಾಲೆ ಗಿಡ್ಡವಾಗಿತ್ತು. ಅವಳು ಅದನ್ನು ಏರಿಸಿ, ಹಿಂದೆ ಸರಿದು ನೋಡಿ, ಮತ್ತೆ ಮುಂದೆ ಹೋಗಿ ಸರಿಮಾಡಿ, ಹೀಗೇ ಬಹಳ ಹೊತ್ತು ಮಾಡಿದಳು.

ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹಿಂದಿನ ಬೀದಿಯ ವಿಮಲಾ ಆಂಟಿ ಹೂ ಮುಟ್ಟಿ ನೋಡಿದರು. “ಎಡಿಸನ್ ಊರಿನ ಇಂಡಿಯನ್ ಅಂಗಡೀದು ತಾನೆ?”

“ನಮ್ಮ ಹಿತ್ತಲದ್ದೇ ಆಂಟಿ. ಟಾರ್ಪಾಲು ಹೊದಿಸಿ ಬೆಳೆಸಿದ್ದು.”

“ಬಿಡಮ್ಮಾ, ಈ ವರ್ಷ ಸೆಖೆ ಜಾಸ್ತಿ, ಬೇಗ ಬಿಟ್ಟಿದೆ.”

ಹೋಲಿಕೆಗೆಂದು ಹೊದಿಸದೆ ಬಿಟ್ಟಿದ್ದ ಒಂದು ಗಿಡದ ಮುಂದೆ ಅವರನ್ನು ನಿಲ್ಲಿಸಿದೆ. ಅದರಲ್ಲಿ ಒಂದೂ ಮೊಗ್ಗಿರಲಿಲ್ಲ. ಆಂಟಿ ಮರುಗಿದರು: “ಪಾಪ, ಇದಕ್ಕೆ ನೀರೇ ಹಾಕಿಲ್ವಾ?”

ನಾನು ಹೋಗಿ ಟಾರ್ಪಾಲು ಮಡಚಿ ಅವರ ಕಾರಿನ ಡಿಕ್ಕಿಯಲ್ಲಿಟ್ಟೆ. “ಮುಂದಿನ ಜೂನ್‌ನಲ್ಲಿ ನಿಮ್ಮ ಸೇವಂತಿಗೆ ಗಿಡಗಳಿಗೆ ದಿನಾ ಸಂಜೆ ಏಳಕ್ಕೆ ಹೊದಿಸಿ, ಬೆಳಿಗ್ಗೆ ಎಂಟಕ್ಕೆ ತೆಗೆದು ನೋಡಿ. ಹೂ ಬಿಡದಿದ್ರೆ ನಾನು ಸೋತೆ ಅಂತ ಎಲ್ಲರ ಮುಂದೆ ಹೇಳ್ತೀನಿ.”

ಆಂಟಿಯ ಕಣ್ಣು ಹೊಳೆಯಿತು. ನನ್ನನ್ನು ಸೋಲಿಸುವ ಛಲ ಹೊತ್ತವರು ಒಂದು ಸಂಜೆಯೂ ತಪ್ಪಿಸುವುದಿಲ್ಲ. ಒಂದು ಸಂಜೆಯೂ ತಪ್ಪಿಸದೆ ಹೊದಿಸಿದರೆ ಸೇವಂತಿಗೆಗೆ ಅರಳದೆ ಬೇರೆ ದಾರಿಯಿಲ್ಲ.