ನನ್ನ ಮದುವೆಯ ಗಟ್ಟಿಮೇಳ

ಮೈಸೂರಿನ ದೊಡ್ಡ ಹೋಟೆಲುಗಳಲ್ಲಿ ಸ್ಯಾಕ್ಸೋಫೋನಿನಲ್ಲಿ ಜಾಜ್ ನುಡಿಸಿ, ನಡುನಡುವೆ ಅದನ್ನು ಕೊರಳಿನಿಂದ ಇಳಿಬಿಟ್ಟು ಹಾಡುವ ನನ್ನ ಗೆಳತಿಯನ್ನು ನೋಡಿದವರು, ಇವಳು ಗೋವಾದವಳೇ ಇರಬೇಕು ಅಂದುಕೊಳ್ಳುತ್ತಾರೆ. ನನಗೆ ಮೈ ಉರಿಯುತ್ತದೆ. ಅವಳು ನಮ್ಮ ಹನಗೋಡಿನವಳು, ನನ್ನ ಜೊತೆ ಶಾಲೆಗೆ ಬಂದವಳು, ಮದುವೆಮನೆಗಳಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದ ವಾದ್ಯದವರ ಮಗಳು. ಅವಳ ಉಸಿರು ಎಂಥದ್ದೆಂದು ನನಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮದುವೆ ಕೆ.ಆರ್. ನಗರದ ಛತ್ರವೊಂದರಲ್ಲಿ ನಡೆಯಿತು. ಅಷ್ಟರಲ್ಲಿ ಅವಳ ಅಪ್ಪನ ಮುಂದಿನ ಹಲ್ಲು ಬಿದ್ದು ಊದುವುದು ನಿಂತುಹೋಗಿತ್ತು. ಅವಳು ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಹಾಡಿದ್ದಳು, ಮದುವೆಗಳಲ್ಲಿ ಊಟದ ಹೊತ್ತಿಗೆ ಊದಿದ್ದಳು. ತಾಳಿ ಕಟ್ಟುವಾಗಿನ ಗಟ್ಟಿಮೇಳ ಮಾತ್ರ ಯಾರೂ ಅವಳಿಗೆ ಕೊಟ್ಟಿರಲಿಲ್ಲ. ನನ್ನ ಮದುವೆಗೆ ಅವಳೇ ಊದಬೇಕು ಎಂದು ನಾನು ಹಟ ಹಿಡಿದೆ. ಮಿರ್ಲೆಯಿಂದ ಬಂದಿದ್ದ ಗಂಡಿನ ದೊಡ್ಡಪ್ಪ ಹುಬ್ಬು ಗಂಟಿಕ್ಕಿದರು.

“ಎಣ್ಮಗ್ಳು ಹಾಡ್ಲಿ, ಬ್ಯಾಡ ಅನ್ನಕಿಲ್ಲ. ಗಟ್ಟಿಮೇಳ ನಡುವೆ ನಿಂತೋದ್ರೆ ಅಪಶಕುನ ಕಣ್ರೀ. ಅಷ್ಟು ಉಸ್ರು ಎಲ್ಲಿಂದ ತತ್ತಾಳೆ?”

“ಇದೊಂದ್ಸಲ ಊದ್ಲಿ ಬುಡಿ,” ಅಂದರು ನನ್ನಪ್ಪ. “ಆಗ್ದೆ ಓದ್ರೆ ಇನ್ಮುಂದೆ ಯಾರೂ ಕರೆಯದು ಬ್ಯಾಡ.”

ಅದೇನು ಸಣ್ಣ ಮಾತಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ನೆಂಟರೆಲ್ಲ ಆ ಛತ್ರದಲ್ಲಿದ್ದರು. ಅಂದು ತಪ್ಪಿದ್ದರೆ ಅವಳ ಕಸುಬು ಅಲ್ಲಿಗೇ ಮುಗಿಯುತ್ತಿತ್ತು.

ಮುಹೂರ್ತಕ್ಕೆ ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಅಂದರು. ಅವಳು ಊದಿದಳು, ಡೋಲು ಮೊಳಗಿತು, ಜನ ಅಕ್ಷತೆ ಎಸೆದರು. ನಮ್ಮವರು ಅಕ್ಷತೆ ಹಾಕುವುದೆಂದರೆ ಹೊಲದ ಹಕ್ಕಿ ಓಡಿಸಿದ ಹಾಗೆ, ದೂರದಿಂದಲೇ ಬೀಸುತ್ತಾರೆ. ಒಂದು ಹಿಡಿ ನೇರ ನನ್ನ ಗಂಡನ ಕಣ್ಣಿಗೆ ಬಿತ್ತು. ಆ ಮಹಾನುಭಾವ ತಾಳಿಯನ್ನೇ ಕೈಬಿಟ್ಟ. ಅದು ನನ್ನ ಮಡಿಲಿಗೆ ಬಿದ್ದು ಸೀರೆಯ ನೆರಿಗೆಯೊಳಗೆ ಎಲ್ಲೋ ಸೇರಿಕೊಂಡಿತು.

ಹೆಂಗಸರೆಲ್ಲ ನೆರಿಗೆಗೆ ಕೈಹಾಕಿ ತಡಕಾಡತೊಡಗಿದರು. ಡೋಲಿನವನು ಬಾಯಿಬಿಟ್ಟು ನೋಡುತ್ತ ಕೈ ನಿಲ್ಲಿಸಿದ. ಅವಳು ನಿಲ್ಲಿಸಲಿಲ್ಲ. ಕೆನ್ನೆ ಉಬ್ಬಿಸಿ, ಕಣ್ಣು ನನ್ನ ಮೇಲೇ ಇಟ್ಟು ಊದಿದಳು. ಹೆದರಿದ್ದ ನನಗೆ ಆ ಸ್ವರವೇ ಆಸರೆ. ಅಷ್ಟರಲ್ಲಿ ವಾದ್ಯದ ಬಾಯಲ್ಲಿರುವ ತೆಳು ರೀಡು ಸೀಳಿ, ಸ್ವರ ಕೀರಲಾಯಿತು. ದೊಡ್ಡಪ್ಪ ಎದ್ದು ನಿಂತರು. ಅವರು ಏನಾದರೂ ಅನ್ನುವ ಮೊದಲೇ ಅವಳು ವಾದ್ಯ ಇಳಿಸಿ, ಅದೇ ಸ್ವರಗಳನ್ನು ಕೊರಳಿನಲ್ಲಿ ಎತ್ತಿಕೊಂಡಳು. ಮೈಕಿಲ್ಲ, ಮಾತಿಲ್ಲ, ಬರೀ ಸ್ವರ. ಹಿಂದಿದ್ದ ಅಡುಗೆಯವರೂ ಸೌಟು ಹಿಡಿದೇ ಬಂದು ನಿಂತರಂತೆ. ಒಂದು ಕೊರಳು ಇಡೀ ಛತ್ರವನ್ನು ತುಂಬಬಲ್ಲದೆಂದು ನಾನು ಕಂಡದ್ದು ಅಂದೇ. ತಾಳಿ ಸಿಕ್ಕಿತು, ಮೂರು ಗಂಟೂ ಬಿದ್ದವು. ಆಮೇಲೆಯೇ ಅವಳು ಹಾಡು ನಿಲ್ಲಿಸಿದ್ದು.

ಮುಹೂರ್ತ ಮುಗಿದ ಮೇಲೆ ಗಟ್ಟಿಮೇಳ ಊದಿದವರಿಗೆ ಗಂಡಿನ ಕಡೆಯ ಹಿರಿಯರು ತಾಂಬೂಲ ಕೊಡಬೇಕು. ದೊಡ್ಡಪ್ಪ ತಟ್ಟೆ ಹಿಡಿದು, ವಾಡಿಕೆಯಂತೆ, ಮೇಳದ ಹಿರಿಯರೆಂದು ಜೊತೆಗೆ ಬಂದಿದ್ದ ಅವಳ ಅಪ್ಪನ ಮುಂದೆ ಬಂದರು. ಅವರು ಕೈ ಚಾಚಲಿಲ್ಲ.

“ನಂಗ್ಯಾಕೆ ಸ್ವಾಮಿ? ಊದ್ದೋಳು ಅಲ್ಲಿ ಅವ್ಳೆ.”

ದೊಡ್ಡಪ್ಪ ಅವಳ ಬಳಿಗೆ ಹೋದರು. ಹೆಗಲ ಮೇಲಿನ ಟವಲು ತೆಗೆದು ಕಂಕುಳಲ್ಲಿಟ್ಟುಕೊಂಡರು. ಅವರು ಹಾಗೆ ಟವಲು ತೆಗೆಯುತ್ತಿದ್ದದ್ದು ದೇವರ ಮುಂದೆ ಮಾತ್ರ. ಆಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟರು.