ಸುಮನ ನೆಟ್ಟ ಬಿಗೋನಿಯ

ವಸಂತಕ್ಕ, ನಿಮ್ಮ ಜಗಲಿಯ ಬುಟ್ಟಿಯಲ್ಲಿ ತೂಗುತ್ತಿರುವುದು ಸುಮನ ನೆಟ್ಟ ಬಿಗೋನಿಯ ಅಲ್ಲ. ಅದು ಸತ್ತು ಎಷ್ಟೋ ವರ್ಷವಾಯಿತು. ಸಾಯಿಸಿದವಳು ನಾನು. ಈಗಿರುವುದು ಶೃಂಗೇರಿ ದಾರಿಯ ನರ್ಸರಿಯಿಂದ ತಂದು, ನಿಮಗೆ ಹೇಳದೆ ಅದೇ ಬುಟ್ಟಿಯಲ್ಲಿ ನಾನು ನೆಟ್ಟಿದ್ದು.

ಕೊಪ್ಪದಲ್ಲಿ ಆಗ ನಮ್ಮದು ಒಂದೇ ಸಾಲಿನ ಬಾಡಿಗೆ ಮನೆಗಳು, ನಡುವೆ ಒಂದು ಗೋಡೆ. ನಿಮ್ಮ ಮಗಳು ಸುಮನ ನರಸಿಂಹರಾಜಪುರದಿಂದ ಬಾಣಂತನಕ್ಕೆ ಬಂದವಳು, ಮಗು ಮಲಗಿದ ಹೊತ್ತಿನಲ್ಲಿ ತಂತಿಬುಟ್ಟಿಗೆ ತೆಂಗಿನ ನಾರು ಹಾಸಿ, ಎಲೆಗೊಬ್ಬರ ತುಂಬಿ ಆ ಗಿಡ ನೆಟ್ಟಳು. ಮರುವರ್ಷ ಕಾಮಾಲೆಯಾಗಿ ಹೋಗಿಬಿಟ್ಟಳು. ಆಮೇಲೆ ಜಗಲಿಯಲ್ಲಿ ಎಷ್ಟು ಬುಟ್ಟಿಗಳಿದ್ದರೂ ಬೆಳಗಿನ ಮೊದಲ ನೀರು ಅದಕ್ಕೇ. ಒಮ್ಮೆ ನಾನೊಂದು ತುಂಡು ಕೇಳಿದೆ.

"ಅದೊಂದು ಕೇಳ್ಬೇಡ ಮಾರಾಯ್ತಿ. ಬೇರೆ ಯಾವ್ದು ಬೇಕಾರೂ ಮುರ್ಕಂಡು ಹೋಗು," ಎಂದಿರಿ.

ನ್ಯಾಯವಾದ ಮಾತೇ. ಆದರೂ ನನಗೆ ಚುಚ್ಚಿತು. ಅಷ್ಟು ಆಪ್ತಳಾದ ನನಗೂ ಇಲ್ಲವೇ ಎಂದು—

ಆ ಬೇಸಿಗೆ ನೀವು ಗರ್ಭಕೋಶದ ಆಪರೇಷನ್ನಿಗೆ ಶಿವಮೊಗ್ಗಕ್ಕೆ ಹೊರಟಿರಿ. "ನಾರು ಬೇಗ ಒಣಗ್ತದೆ, ದಿನಾ ಸ್ವಲ್ಪ ಸ್ವಲ್ಪ ಹಾಕು," ಎಂದು ಹೇಳಿ ಹೋದಿರಿ. ಮೊದಮೊದಲು ಹಾಕಿದೆ. ನಂತರ ತಮ್ಮನ ಮದುವೆಗೆಂದು ಮೇಗುಂದದ ತವರಿಗೆ ಹೋದವಳು ಅಲ್ಲೇ ಉಳಿದುಕೊಂಡೆ. ಮರೆತೆ ಎಂದರೆ ಸುಳ್ಳಾಗುತ್ತದೆ. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಾಗ ಬುಟ್ಟಿ ನೆನಪಾಗಿತ್ತು. ಪಕ್ಕದ ಕೋಣೆಯಲ್ಲೇ ಫೋನ್ ಇತ್ತು. ನಮ್ಮ ಸಾಲಿನ ಯಾರಿಗಾದರೂ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಒಣಗಿದರೆ ಒಣಗಲಿ ಎಂದುಕೊಂಡೆನೋ ಏನೋ... ಅಂದುಕೊಂಡೆ, ವಸಂತಕ್ಕ.

ತಿರುಗಿ ಬಂದಾಗ ದಂಟುಗಳು ಜೋತುಬಿದ್ದಿದ್ದವು. ಗಾಬರಿಯಲ್ಲಿ ಬುಟ್ಟಿಯನ್ನೇ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟೆ. ಉಳಿದಿದ್ದ ಜೀವವೂ ಬುಡ ಕೊಳೆತು ಹೋಯಿತು. ನೀವು ಬರುವ ಮೊದಲು ಬಸ್ಸು ಹತ್ತಿ ಹೋಗಿ ಅಂಥದೇ ಗಿಡ ಹುಡುಕಿ ತಂದೆ.

ನಿಧಾನವಾಗಿ ಮೆಟ್ಟಿಲು ಹತ್ತಿ ಬಂದ ನೀವು ಮೊದಲು ನೋಡಿದ್ದು ಅದನ್ನೇ.

"ಬಣ್ಣ ಸ್ವಲ್ಪ ಜಾಸ್ತಿ ಆಗ್ಯದಲ್ಲೇ?"

"ಗೊಬ್ಬರ ಹಾಕಿದ್ದೆ ಅಕ್ಕ," ಎಂದೆ.

ನೀವು ನನ್ನ ಕೈ ಹಿಡಿದುಕೊಂಡಿರಿ. "ನೀನು ನೋಡ್ಕಂಡಿದ್ದಕ್ಕೆ ಉಳೀತು." ಆಗಲಾದರೂ ಹೇಳಬೇಕಿತ್ತು—ಹೊಲಿಗೆ ಹಾಕಿಸಿಕೊಂಡು ಬಂದವರಿಗೆ ಈಗ ಬೇಡ ಎಂದು ಸುಮ್ಮನಾದೆ. ಹೊಲಿಗೆ ಮಾಯ್ದ ಮೇಲೂ ಸುಮ್ಮನೇ ಇದ್ದೆ.

ಗಿಡ ಹಬ್ಬಿತು. ಕೇಳಿದವರಿಗೂ ಕೊಡದಿದ್ದ ನೀವು ಕರೆದು ಕರೆದು ಕೊಡತೊಡಗಿದಿರಿ. ಸುಮನಳ ಮಗಳು ಅನು ದೊಡ್ಡ ರಜೆಗೆ ಬಂದಾಗ ಒಂದು ಪುಟ್ಟ ಬುಟ್ಟಿ ಕಟ್ಟಿ, "ನಿನ್ನ ಅಮ್ಮ ನೆಟ್ಟಿದ್ದು, ಜೋಪಾನ," ಎಂದು ಅವಳ ಕೈಗೆ ಕೊಟ್ಟಿರಿ. ಬುಟ್ಟಿಗೆ ಕೊಕ್ಕೆ ಸಿಕ್ಕಿಸಿದವಳು ನಾನೇ.

ಆ ಮಳೆಗಾಲದಲ್ಲೇ ಅವಳ ಗಿಡ ಕೊಳೆಯಿತು. ಅಪ್ಪನ ಜೊತೆ ಬಸ್ಸಿನಲ್ಲಿ ಬಂದು, ನಿಮಗೆ ಮುಖ ತೋರಿಸಲು ಹೆದರಿ ಮೊದಲು ನನ್ನ ಮನೆಗೆ ನುಗ್ಗಿದಳು. "ಅತ್ತೆ, ಅಮ್ಮನ ಗಿಡ ನಾನು ಸಾಯಿಸ್ದೆ. ಅಜ್ಜಿಗೆ ಹೇಳ್ಬೇಡಿ," ಎಂದು ಬಿಕ್ಕಿದಳು. ಅತ್ತು ಅತ್ತು ಜ್ವರ ಬಂದಿತ್ತು. ಒಂದೇ ಮಾತಿನಲ್ಲಿ ಅವಳ ಭಾರ ಇಳಿಸಬಹುದಿತ್ತು. ನಾನು ಮಾಡಿದ್ದೇನು? ನೀವು ನನಗೂ ಕೊಟ್ಟಿದ್ದ ಗಿಡದಿಂದ ಇನ್ನೊಂದು ತುಂಡು ಮುರಿದುಕೊಟ್ಟು, "ಇದನ್ನಾದ್ರೂ ಸರಿಯಾಗಿ ನೋಡ್ಕೊ," ಎಂದೆ. ಆ ಎಂಟು ವರ್ಷದ ಹುಡುಗಿಗೆ.

ಈಗ ಅವಳು ಕಾಲೇಜು ಮುಗಿಸಿದ್ದಾಳೆ. ಮೊನ್ನೆ ಫೋನಿನಲ್ಲಿ ನಗುತ್ತಲೇ ಅಮ್ಮನ ಗಿಡ ಸಾಯಿಸಿದ ಮಾತು ಎತ್ತಿದಳು. ನಗು ಪೂರ್ತಿಯಾಗಲಿಲ್ಲ.

ಈ ಭಾನುವಾರ ಅವಳು ಬರುತ್ತಾಳೆಂದಿರಿ. ಅದಕ್ಕೂ ಮೊದಲು ಈ ಕಾಗದವನ್ನು ನಿಮ್ಮೆದುರು ಕೂತು ಓದುತ್ತೇನೆ. ಅವಳು ಬಂದ ಮೇಲೆ ನಿಮ್ಮೆದುರೇ ಹೇಳುತ್ತೇನೆ—ಅಮ್ಮನ ಗಿಡ ನಿನ್ನ ಕೈಯಲ್ಲಿ ಸಾಯಲಿಲ್ಲ ಮಗಾ, ಅದು ನಿನ್ನ ಕೈಗೆ ಬರಲೇ ಇಲ್ಲ.